ಎದೆಯುರಿಯ ಶ್ರಾವಣ

ಇವತ್ತು ಮಧ್ಯಾಹ್ನ ಹಳೆಯ ಮೆತ್ತನೆಯ ಸೀರೆ ಹುಡುಕಲೆಂದು ಟ್ರಂಕು ತೆರೆದಿದ್ದೆ. ಮನೆಗೆ ಇನ್ನೊಂದು ಕೂಸು ಬರುವುದಿದೆ. ಯಾರ ಕೂಸು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೂರನೆಯ ಸೀರೆಯ ಮಡಿಕೆ ಬಿಡಿಸುವಾಗ ಒಳಗಿನಿಂದ ಗುಲಾಬಿ ಬಣ್ಣದ ಔಷಧದ ಬಾಟಲಿಯೊಂದು ಉರುಳಿ ನನ್ನ ಮಗಳ ಕಾಲ ಬಳಿ ನಿಂತಿತು. ಅವಳು ಅದನ್ನು ಶರಬತ್ತು ಎಂದುಕೊಂಡು ಕುಣಿಯತೊಡಗಿದಳು. ಕಸಿದುಕೊಂಡು ಮುಚ್ಚಳ ತಿರುವಿದೆ. ಒಳಗಿನದು ಒಣಗಿ ಗೋಡೆಯ ಸುಣ್ಣದಂತಾಗಿತ್ತು, ಆದರೆ ಪುದೀನದ ವಾಸನೆ ಮಾತ್ರ ಹಾಗೆಯೇ ಇತ್ತು. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನನ್ನ ಬಲಗೈ ತಾನಾಗಿ ಎದೆಯ ನಡುವೆ ಹೋಗಿ ಕುಳಿತಿತು.

ನಿಮಗೆ ಎಂದಾದರೂ ಎದೆ ಉರಿದಿದೆಯೇ? ಮದುವೆಯ ಊಟದ ಮರುದಿನ ಎಲ್ಲರಿಗೂ ಬರುವ ಹುಳಿತೇಗನ್ನು ನಾನು ಹೇಳುತ್ತಿಲ್ಲ. ಬಸುರಿನ ಎದೆಯುರಿಯ ಜಾತಿಯೇ ಬೇರೆ. ಹಸಿ ಮೆಣಸಿನಕಾಯಿ ಕುಟ್ಟಿದ ಒರಳನ್ನು ಯಾರೋ ಗಂಟಲೊಳಗೆ ತೊಳೆಯುತ್ತಿದ್ದಾರೆ ಎನ್ನಿಸುತ್ತದೆ. ಕೂತರೆ ಸ್ವಲ್ಪ ಕೆಳಗಿಳಿಯುತ್ತದೆ, ಮಲಗಿದರೆ ಮತ್ತೆ ಏರುತ್ತದೆ. ಇಷ್ಟು ಸರಳ ಸಂಗತಿ ನನ್ನ ತಲೆಗೆ ಹೊಳೆಯಲು ಹಿಡಿದ ಕಾಲವನ್ನು ನೆನೆದರೆ ನಾಚಿಕೆಯಾಗುತ್ತದೆ, ಅದರಲ್ಲೂ ದಿನಚರಿ ಬರೆಯುವವಳಾಗಿ.

ಹೌದು, ಶಾಲೆಯ ಎಂಟನೆಯ ಇಯತ್ತೆಯಿಂದ ನಾನು ದಿನಚರಿ ಬರೆಯುತ್ತೇನೆ. ಮೇಲೆ ತಾರೀಖು, ಅದರ ಕೆಳಗೆ ಮೋಡವೋ ಬಿಸಿಲೋ, ಯಾರು ಬಂದರು, ಯಾರು ಹೋದರು, ಅಡುಗೆ ಏನಾಯಿತು. ತಿಂಗಳ ಕೊನೆಗೆ ಒಟ್ಟು ಲೆಕ್ಕ: ಮಳೆ ಎಷ್ಟು ದಿನ, ಜಗಳ ಎಷ್ಟು ದಿನ. ಮದುವೆಯಾದ ಹೊಸತರಲ್ಲಿ ನಮ್ಮವರು ಒಮ್ಮೆ ಕದ್ದು ಓದಿ, “ಏನಿದು, ನಿನ್ನ ಡೈರಿ ಓದಿದ್ರ ಮನಸ್ಸಿನಾಗಿಂದ ಏನೂ ತಿಳಿಯಂಗಿಲ್ಲ, ಹಸಿವು ಮಾತ್ರ ಆಗತೈತಿ” ಎಂದಿದ್ದರು. ಆ ದಿನವನ್ನು ಜಗಳದ ಲೆಕ್ಕಕ್ಕೆ ಸೇರಿಸಿದ್ದೆ.

ಏಳನೆಯ ತಿಂಗಳಲ್ಲಿ ಗಂಡನ ಮನೆಯಲ್ಲಿ, ಅಂದರೆ ಕೊಣ್ಣೂರಿನಲ್ಲಿ, ಕುಬುಸದ ಕಾರ್ಯವಾಯಿತು. ಹಸಿರು ಸೀರೆ, ಹಸಿರು ಬಳೆ, ಮಡಿಲು ತುಂಬ ಐದು ಬಗೆಯ ಹಣ್ಣು. ಮರುದಿನವೇ ಅವ್ವ ಮತ್ತು ಅಪ್ಪ ಬಾಡಿಗೆ ಗಾಡಿಯಲ್ಲಿ ನನ್ನನ್ನು ತವರಿಗೆ ಕರೆದುಕೊಂಡು ಹೊರಟರು. ನಮ್ಮ ಊರು ಲಕ್ಕಲಕಟ್ಟಿ, ಗಜೇಂದ್ರಗಡದ ಹತ್ತಿರ. ನಡುವೆ ರೋಣದಲ್ಲಿ ಗಾಡಿ ನಿಲ್ಲಿಸಿ ಅವ್ವ ಗಿರಮಿಟ್ಟು ಮತ್ತು ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದಳು. “ಬಸುರಿ ಬಯಸಿದ್ದು ತಿನ್ನಬೇಕವಾ” ಎಂದಳು. ನಾನು ಬಯಸಿರಲಿಲ್ಲ, ಬಯಸಿದ್ದು ಅವಳು. ಆದರೂ ಇಬ್ಬರೂ ತಿಂದೆವು. ಅಂದು ಸಂಜೆ ಊಟ ಮುಗಿಸಿ ಮಲಗಿದ ಸ್ವಲ್ಪ ಹೊತ್ತಿಗೆ ಮೊದಲ ಉರಿ ಎದ್ದಿತು. ದಿನಚರಿಯಲ್ಲಿ ಬರೆದೆ: ಎದೆಯುರಿ. ಕಾರಣ, ರೋಣದ ಮಿರ್ಚಿ.

ಮರುದಿನ ಮಿರ್ಚಿ ಇರಲಿಲ್ಲ, ಉರಿ ಇತ್ತು. ಅವತ್ತು ಬದನೆಕಾಯಿ ಎಣ್ಣೆಗಾಯಿ ಮಾಡಿದ್ದರಿಂದ ತಪ್ಪನ್ನು ಅದರ ತಲೆಗೆ ಕಟ್ಟಿದೆ. ಅದರಾಚೆ ದಿನ ಶೇಂಗಾ ಚಟ್ನಿ. ಆಮೇಲೆ ಹುಳಿ ಮಜ್ಜಿಗೆ. ಹೀಗೆ ದಿನಕ್ಕೊಬ್ಬ ಅಪರಾಧಿಯನ್ನು ಹಿಡಿದು ಊಟದಿಂದ ಗಡಿಪಾರು ಮಾಡುತ್ತ ಹೋದೆ. ಸ್ವಲ್ಪ ದಿನದಲ್ಲಿ ನನ್ನ ತಟ್ಟೆಯಲ್ಲಿ ಉಳಿದದ್ದು ಹಾಲು, ಅನ್ನ, ಅರ್ಧ ಬಾಳೆಹಣ್ಣು. ಉರಿ ಮಾತ್ರ ಎಲ್ಲಿಗೂ ಹೋಗಲಿಲ್ಲ.

ಅವ್ವನಿಗೆ ಮೊದಮೊದಲು ಇದು ಸಂತೋಷದ ವಿಷಯವಾಗಿತ್ತು. “ಎದಿ ಉರದಷ್ಟೂ ಕೂಸಿನ ತೆಲಿ ತುಂಬ ಕೂದಲ ಇರತಾವು” ಎಂದು ಓಣಿಯ ಹೆಂಗಸರೆಲ್ಲರ ಮುಂದೆ ಹೇಳಿದಳು. ಅವರೂ ಒಬ್ಬೊಬ್ಬರಾಗಿ ಬಂದು, “ಭಾಳ ಉರಿತೈತೇನು?” ಎಂದು ಕೇಳುವರು. ಭಾಳ ಎಂದರೆ ಅವರ ಮುಖ ಅರಳುವುದು. ನನ್ನ ಹೊಟ್ಟೆಯ ಕಡೆ ನೋಡಿ, ಹೆರಳು ಹಾಕುವಷ್ಟು ಕೂದಲನ್ನು ಈಗಲೇ ಕಂಡವರಂತೆ ತಲೆದೂಗುವರು. ಇಂಥ ಶುಭಸೂಚನೆಯನ್ನು ಔಷಧ ಕುಡಿದು ಆರಿಸುವುದು ಹೇಗೆ?

ಅಷ್ಟರಲ್ಲಿ ಪಂಚಮಿ ಬಂತು. ನಮ್ಮ ಕಡೆ ಪಂಚಮಿ ಎಂದರೆ ಉಂಡಿಗಳ ಹಬ್ಬ. ಶೇಂಗಾದ್ದು, ಬೇಸನ್ನಿನದು, ರವೆಯದು, ಎಳ್ಳಿನದು, ಗುಳ್ಳಡಿಕೆಯದು. ತವರಿಗೆ ಬಂದ ಮಗಳು, ಅದೂ ಚೊಚ್ಚಲ ಬಸುರಿ, ಉಂಡಿ ಮುಟ್ಟದೆ ಹಾಲನ್ನ ಉಣ್ಣುವುದನ್ನು ನೋಡಿ ಅವ್ವನ ಸಂತೋಷ ಕರಗತೊಡಗಿತು. ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಇಡುವಳು, ನಾನು ತಲೆಯಾಡಿಸಿದರೆ ಮುಚ್ಚುವಳು. ಆ ಮುಚ್ಚಳದ ಸಪ್ಪಳ ನನಗೆ ಉರಿಗಿಂತ ಹೆಚ್ಚು ಕಷ್ಟ ಕೊಟ್ಟಿತು.

ಗಜೇಂದ್ರಗಡದಲ್ಲಿ ನಾವು ತೋರಿಸುತ್ತಿದ್ದ ಡಾಕ್ಟರ್ ಬಾಯಿಯವರು ಈ ಗುಲಾಬಿ ಔಷಧ ಬರೆದುಕೊಟ್ಟು, ಒಂದೊಂದಾಗಿ ತಿಳಿಸಿ ಹೇಳಿದ್ದರು. ಒಮ್ಮೆಲೇ ಹೊಟ್ಟೆ ತುಂಬ ಉಣ್ಣಬೇಡ, ಸ್ವಲ್ಪಸ್ವಲ್ಪ ನಾಲ್ಕಾರು ಸಲ ಉಣ್ಣು. ಉಂಡ ಮೇಲೆ ಒಂದೆರಡು ತಾಸು ಮಲಗಬೇಡ. ಮಲಗುವಾಗ ತಲೆಯ ಕಡೆ ಎತ್ತರ ಮಾಡಿಕೋ. ತಿನ್ನುವ ಸೋಡಾ ಗೀಡಾ ಯಾರಾದರೂ ಹೇಳಿದರೆಂದು ಕುಡಿಯಬೇಡ. ಎಲ್ಲವನ್ನೂ ನಾನು ಚೆಂದದ ಅಕ್ಷರದಲ್ಲಿ ಬರೆದುಕೊಂಡು, ಎರಡನೆಯದರ ಕೆಳಗೆ ಸ್ಕೇಲು ಹಿಡಿದು ಗೆರೆ ಎಳೆದಿದ್ದೆ. ಬರೆದುಕೊಂಡರೆ ಮಾಡಿದಂತೆಯೇ ಎಂಬುದು ನನ್ನ ಬಹುಕಾಲದ ನಂಬಿಕೆ. ದಿನಚರಿ ಬರೆಯುವವರಲ್ಲಿ ಈ ರೋಗ ಸಾಮಾನ್ಯ ಎಂದು ಈಗ ಅನ್ನಿಸುತ್ತದೆ.

ಯಾಕೆಂದರೆ ಮನೆಯಲ್ಲಿ ನಡೆಯುತ್ತಿದ್ದದ್ದು ಇದು. ನಾನು ಕೈ ತೊಳೆದು ಬರುವಷ್ಟರಲ್ಲಿ ಅವ್ವ ಪಡಸಾಲೆಯ ತಂಪಾದ ಮೂಲೆಯಲ್ಲಿ ಕೌದಿ ಹಾಸಿ, ದಿಂಬು ತಟ್ಟಿ ನಿಂತಿರುತ್ತಿದ್ದಳು. “ಅಡ್ಡಾಗು.”

“ಈಗ ಉಂಡೀನವ್ವಾ. ಡಾಕ್ಟರ್ ಬಾಯಾರು...”

“ಡಾಕ್ಟರ್ ಬಾಯಾರಿಗೆ ಖುರ್ಚಿ ಐತಿ, ಕುಂದ್ರತಾರ. ನಿನ್ನ ಸೊಂಟ ನಾ ನೋಡಾಕತ್ತೀನಿಲ್ಲೋ? ಎರಡು ಜೀವದಾಕಿ ನೀ. ಅಡ್ಡಾಗು, ಕಾಲು ಒತ್ತತೀನಿ.”

ಅವಳು ಕಾಲು ಒತ್ತುವಳು, ನಾನು ಕಣ್ಣು ಮುಚ್ಚುವೆನು. ಹಿತವಾಗಿರುತ್ತಿತ್ತು, ಸುಳ್ಳೇಕೆ ಹೇಳಲಿ. ಸ್ವಲ್ಪ ಹೊತ್ತಿಗೆ ಗಂಟಲಲ್ಲಿ ಉರಿ ಏಳುವುದು, ಗುಲಾಬಿ ಔಷಧ ಕುಡಿದರೂ ತುಸು ತಗ್ಗಿ ಮತ್ತೆ ಏಳುವುದು. ಆಗ ಅವ್ವ ಗಾಬರಿಯಾಗಿ ಅಜವಾನದ ನೀರು ಕಾಸಲು ಏಳುವಳು, ನಾನು ಹಾಲನ್ನದ ಮೇಲೂ ಅನುಮಾನ ಪಡುವೆನು.

ಮುಂದಿನ ತಪಾಸಣೆಗೆ ಹೋದಾಗ ತೂಕ ಏರಿರಲಿಲ್ಲ. ರಕ್ತ ಕಡಿಮೆ ಬಿದ್ದಿತ್ತು. ಡಾಕ್ಟರ್ ಬಾಯಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನೋಡವಾ, ಹೊಟ್ಟಿಗೆ ಹೋಗಲಿಲ್ಲಂದ್ರ ರಕ್ತ ಎಲ್ಲಿಂದ ಬರಬೇಕು? ಕೂಸೂ ಬೆಳೀಬೇಕಲ್ಲ. ಮುಂದಿನ ಸಲಾನೂ ಹಿಂಗ ಇದ್ರ ನಾ ಇಲ್ಲಿ ಹೆರಿಗಿ ಮಾಡಿಸಂಗಿಲ್ಲ, ಗದಗಕ್ಕ ಬರೆದು ಕೊಡತೀನಿ. ಅಲ್ಲಿ ರಕ್ತ ಹಾಕಾಕ ಅನುಕೂಲ ಐತಿ.”

ಅವ್ವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಳು. ಊರು ಬರುವವರೆಗೂ ಹೊರಗಿನ ಗಾಳಿಯಂತ್ರಗಳನ್ನೇ ನೋಡುತ್ತಿದ್ದಳು. ಇಳಿಯುವಾಗ ಮಾತ್ರ, “ಸೊಸೀನ ತವರಾಗ ಇಟ್ಟುಕೊಂಡು ಒಣಗಿಸಿದ್ರು ಅಂತ ನಿಮ್ಮ ಅತ್ತಿ ಅಂತಾಳ” ಎಂದಳು. ಅವಳ ಚಿಂತೆ ಅದಾಗಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ನಿಜವಾದ ಚಿಂತೆಯನ್ನು ಬಾಯಿಬಿಟ್ಟು ಹೇಳಲಾರದವರು ಬೀಗರ ಹೆಸರು ಹೇಳುತ್ತಾರೆ. ನನಗೋ ಅಂದು ಮೊದಲ ಸಲ ಭಯವಾಯಿತು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ನಿನಗೆ ಸಾಕಾಗುವಷ್ಟು ನಾನು ಉಣ್ಣುತ್ತಿಲ್ಲವೇನು ಎಂದು ಕೇಳಿದೆ. ಅಂದಿನ ದಿನಚರಿಯಲ್ಲಿ ಅಡುಗೆಯ ಹೆಸರಿಲ್ಲ.

ಆ ವಾರವೇ ಅತ್ತೆ ಬಂದರು. ಸೊಸೆ ಸೊರಗಿದ ಸುದ್ದಿ ಫೋನಿನಲ್ಲಿ ಮುಟ್ಟಿತ್ತೆಂದು ಕಾಣುತ್ತದೆ. ಹೆಗಲಿಗೊಂದು ಚೀಲ, ಕೈಯಲ್ಲಿ ಬುತ್ತಿಗಂಟು, ಮುಖದಲ್ಲಿ ಜಪ್ತಿಗೆ ಬಂದವರ ಗಾಂಭೀರ್ಯ.

“ಬರ್ರಿ ಬೀಗರ, ಬಿಸಲಾಗ ಬಂದ್ರಿ” ಎಂದಳು ಅವ್ವ.

“ಬಿಸಲೆಲ್ಲೈತ್ರಿ, ಮೋಡ ಮುಸುಕೇತಿ. ಎಲ್ಲಿ ನಮ್ಮ ಹುಡುಗಿ? ಅಯ್ಯ ಶಿವನ, ಇಕಿ ಏನ್ ಹಿಂಗಾಗ್ಯಾಳ! ಊಟಕ್ಕ ಹಾಕತೀರಿಲ್ರಿ ಬೀಗರ?”

“ಹಾಕಾಕ ನಾವು ತಯಾರ ಅದೀವ್ರಿ. ನೀವು ಕಳಿಸಿದ ರಂಜಕ ತಿಂದು ತಿಂದು ಎದಿ ಸುಟ್ಟುಕೊಂಡು ಬಂದಾಳ, ಏನ್ ಮಾಡೂಣು?”

ರಂಜಕವೆಂದರೆ ಅತ್ತೆಯ ಕೈಯ ಕೆಂಪು ಮೆಣಸಿನಕಾಯಿ ಚಟ್ನಿ, ಅವರ ಹೆಮ್ಮೆ. ನಾನು ತವರಿಗೆ ತಂದ ಭರಣಿಯ ಮುಚ್ಚಳವನ್ನೇ ತೆಗೆದಿರಲಿಲ್ಲ. ಆದರೂ ಸುಮ್ಮನಿದ್ದೆ. ಬೀಗತಿಯರಿಬ್ಬರೂ ನಗುನಗುತ್ತಲೇ ಮಾತಾಡುತ್ತಿದ್ದರು, ನಡುವೆ ಕೈ ಹಾಕುವ ಧೈರ್ಯ ಯಾರಿಗಿದೆ?

ಒಂದು ರಾತ್ರಿಯಿದ್ದು ಹೋಗಲು ಬಂದವರು ಅತ್ತೆ. ಮರುದಿನ ಬೆಳಿಗ್ಗೆ ನಮ್ಮವರ ಫೋನು ಬಂತು. ಮಲಪ್ರಭೆಗೆ ನೀರು ಬಿಟ್ಟಿದ್ದಾರೆ, ಕೊಣ್ಣೂರಿನ ಸೇತುವೆಯ ಮೇಲೆ ಹೊಳೆ ಹತ್ತಿದೆ, ಇತ್ತ ಬೆಣ್ಣಿಹಳ್ಳವೂ ತುಂಬಿ ದಾರಿ ಬಂದ್ ಆಗಿದೆ. ಮನೆ ಎತ್ತರದಲ್ಲಿರುವುದರಿಂದ ಚಿಂತೆಯಿಲ್ಲ, ಆದರೆ “ಅವ್ವನ್ನ ಅಲ್ಲೇ ಇಟ್ಟುಕೊರ್ರಿ, ನೀರು ಇಳಿಯೂತನ ಬರೂದು ಬ್ಯಾಡ.” ಅವ್ವ “ಇರ್ಲಿ ಬಿಡ್ರಿ, ನಿಮ್ಮದ ಮನಿ” ಎಂದಳು. ಅಡುಗೆಮನೆಗೆ ಬಂದು ನನ್ನ ಕಡೆ ನೋಡಿ ಉಸಿರು ಬಿಟ್ಟಳು.

ಈಗ ಒಂದು ರಿವಾಜು ಹೇಳಬೇಕು. ನಮ್ಮ ಕಡೆ ಅತ್ತೆ ಎದುರಿಗೆ ಕುಳಿತಿರುವಾಗ ಸೊಸೆ ಕಾಲು ಚಾಚಿ ಮಲಗುವುದಿಲ್ಲ. ಇದನ್ನು ಯಾರೂ ಕಲಿಸುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಜ್ವರ ಬಂದರೆ ಒಳಗಿನ ಕೋಣೆಗೆ ಹೋಗಿ ಮಲಗಬಹುದು. ಪಡಸಾಲೆಯಲ್ಲಿ, ಅವರ ಕಣ್ಣೆದುರು, ಆಗದು. ನಮ್ಮ ಮನೆಗೆ ಒಳಗಿನ ಕೋಣೆಯೆಂದರೆ ಶೇಂಗಾ ಚೀಲ ತುಂಬಿದ ಒಂದು ಕತ್ತಲೆ ಖೋಲಿ. ಅತ್ತೆಯವರೋ ಉಂಡ ಮೇಲೆ ಗೋಡೆಗೆ ಬೆನ್ನುಕೊಟ್ಟು, ಎಲೆ ಅಡಿಕೆಯ ತಟ್ಟೆ ಮುಂದಿಟ್ಟುಕೊಂಡು ಮಾತಿಗೆ ಕೂರುವವರು. “ಬಾ ಯವ್ವಾ, ಕುಂದ್ರು” ಎಂದರು. ಕುಳಿತೆ.

ಅತ್ತೆಯ ಕಣ್ಣಿಗೆ ಬೀಳದಂತೆ ಅವ್ವ ಪಕ್ಕದ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಸನ್ನೆ ಮಾಡಿದಳು, ಒಳಗೆ ಹೋಗಿ ಅಡ್ಡಾಗು ಎಂದು. ನಾನು ತಲೆ ಅಲ್ಲಾಡಿಸಿದೆ. ಅವ್ವ ಕೌದಿ ತಂದು ಅಂಗಳದ ಕಡೆ ಹಿಡಿದು ಫಟ್ ಫಟ್ ಎಂದು ಝಾಡಿಸಿದಳು. ಅತ್ತೆ ತಿರುಗಿ ನೋಡಿ, “ಧೂಳ ಭಾಳ ಆಗೇತಿ ಅನ್ರಿ” ಎಂದು ಮಾತು ಮುಂದುವರಿಸಿದರು.

ಅವರು ಹೇಳುತ್ತಿದ್ದದ್ದು ತಮ್ಮ ಮದುವೆಯ ಕಥೆ. ಅವರ ತವರು ಚಿಕ್ಕನರಗುಂದ, ಅಲ್ಲಿನ ಎರೆಮಣ್ಣು ಮಳೆ ಬಿದ್ದರೆ ಗಾಲಿ ಬಿಡುವುದಿಲ್ಲ. ಮದುಮಗನ ಚಕ್ಕಡಿ ಊರ ಹೊರಗೆ ಹುಗಿದುಕೊಂಡು, ಮುಹೂರ್ತ ಮೀರುವುದೆಂದು ಮಾವನವರು ಇಳಿದು ನಡೆದು ಬಂದರಂತೆ. ಒಂದು ಕಾಲಿನ ಬೂಟು ಕೆಸರಿನಲ್ಲೇ ಉಳಿಯಿತು. “ನಾ ತೆಲಿ ಬಗ್ಗಿಸಿ ಕುಂತಾಕಿ. ನನಗ ಕಂಡದ್ದು ಎರಡು ಕಾಲು ಅಷ್ಟ. ಒಂದಕ್ಕ ಬೂಟು ಐತಿ, ಇನ್ನೊಂದು ಮೊಣಕಾಲತನ ಕರ್ರಗ ಐತಿ. ಅಯ್ಯ ನಮ್ಮಪ್ಪಾ, ಹುಣ್ಣಿನ ಕಾಲಿನವಗ ಕೊಟ್ಟೀಯೇನು ನನ್ನ ಅಂತ ಎದಿ ಧಸಕ್ಕಂತು. ತಾಳಿ ಕಟ್ಟೂಮುಂದ ನಾ ಅತ್ತದ್ದು ನೋಡಿ ಮಂದಿ, ಹುಡುಗಿಗೆ ತವರಿನ ಮ್ಯಾಲ ಎಷ್ಟ ಮಾಯಾ ಅಂದ್ರು!”

ಕೌದಿ ಹಿಡಿದು ನಿಂತಿದ್ದ ಅವ್ವ ನಗು ತಡೆಯಲಾರದೆ ಅಲ್ಲೇ ಕೂತುಬಿಟ್ಟಳು. “ಮುಂದ?” ಎಂದಳು.

“ಮುಂದೇನ್ರಿ, ಕಾಲು ತೊಳೆಯೂ ಶಾಸ್ತ್ರ ಬಂತಲ್ಲ, ಆವಾಗ ಜೀವದಾಗ ಜೀವ ಬಂತು.”

ಹೀಗೆ ಅಂದು, ಮಾರನೆಯ ದಿನ, ಅದರಾಚೆ ದಿನ. ಹೊಳೆ ಇಳಿಯಲಿಲ್ಲ, ಅತ್ತೆಯ ಮಾತೂ ಮುಗಿಯಲಿಲ್ಲ. ಮೊದಲ ಎರಡು ದಿನ ನಾನು ಕೇಳುತ್ತಿದ್ದೆ ಎನ್ನುವುದಕ್ಕಿಂತ ಕೂತಿದ್ದೆ ಎನ್ನಬೇಕು. ಸೊಂಟ ನೋಯುತ್ತಿತ್ತು, ಮನಸ್ಸೆಲ್ಲ ಕೌದಿಯ ಕಡೆ. ಮೂರನೆಯ ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಾಗ ಒಂದು ವಿಚಿತ್ರ ಅನ್ನಿಸಿತು. ಬಾಯಿ ಹುಳಿಯಾಗಿರಲಿಲ್ಲ. ಹಿಂದಿನ ದಿನ ನಾನು ಉರಿಯೆಂದು ಬರೆದೇ ಇರಲಿಲ್ಲ. ಅದಕ್ಕೂ ಹಿಂದಿನ ದಿನ ಸಂಕೋಚಕ್ಕೆ ಬಿದ್ದು ಅತ್ತೆಯ ರಂಜಕವನ್ನೂ ರೊಟ್ಟಿಗೆ ಹಚ್ಚಿ ತಿಂದಿದ್ದೆ! ಬ್ರಶ್ಶು ಬಾಯಲ್ಲೇ ಇಟ್ಟುಕೊಂಡು ನಿಂತೆ. ನನ್ನ ಅಪರಾಧಿಗಳ ಪಟ್ಟಿ ಪೂರ್ತಿ ಸುಳ್ಳು, ಗೆರೆ ಎಳೆದ ಆ ಒಂದು ಸಾಲು ಮಾತ್ರ ನಿಜ: ಉಂಡ ಮೇಲೆ ಮಲಗಬೇಡ. ಡಾಕ್ಟರ್ ಹೇಳಿದ್ದನ್ನು ನಾನು ನಡೆಸಿದ್ದೆ, ಅವರಿಗಾಗಿ ಅಲ್ಲ, ಅತ್ತೆಗೆ ಹೆದರಿ.

ಆ ಸಂಜೆ ಒಂದು ಶೇಂಗಾ ಉಂಡಿ ಬೇಡಿ ತಿಂದೆ. ಅವ್ವ ಡಬ್ಬಿಯ ಮುಚ್ಚಳ ಕೈಯಲ್ಲಿ ಹಿಡಿದೇ ನಿಂತಳು, ಮುಚ್ಚುವುದನ್ನು ಮರೆತು.

ಉರಿ ಹೋದ ಸುದ್ದಿ ಹಬ್ಬಿದ ಮೇಲೆ ಯಶಸ್ಸಿಗೆ ವಾರಸುದಾರರು ಹುಟ್ಟಿಕೊಂಡರು. ಅಜವಾನದ ನೀರು ಎಂದಳು ಅವ್ವ. “ರಂಜಕದಾಗಿನ ಬಳ್ಳೊಳ್ಳಿ” ಎಂದರು ಅತ್ತೆ. ನಾನು ಇಬ್ಬರಿಗೂ ಹೌದೆಂದೆ. ಖರೆ ಹೇಳಿದ್ದರೆ ಅವ್ವನ ಕೌದಿಗೆ ಅವಮಾನ, ಅತ್ತೆಯ ಕಥೆಗೂ ಅವಮಾನ.

ನೀರು ಇಳಿದು ಅತ್ತೆ ಊರಿಗೆ ಹೋದ ದಿನ ಅವ್ವ ಮತ್ತೆ ಕೌದಿ ಹಾಸಿದಳು. “ಪಾಪ, ಇಷ್ಟ ದಿನ ಕಟ್ಟಿಗಿಹಂಗ ಕುಂತಿದ್ದಿ. ಅಡ್ಡಾಗು.”

ಈ ಸಲ ಸುಮ್ಮನಿರಲು ಆಗಲಿಲ್ಲ. ಹೊಟ್ಟೆಯೊಳಗಿನದು ಈಗಷ್ಟೇ ಉಣ್ಣತೊಡಗಿತ್ತು. ಮೆಲ್ಲಗೆ ಎಲ್ಲ ಹೇಳಿದೆ, ಉರಿ ಬಂದದ್ದು ಯಾಕೆ, ಹೋದದ್ದು ಯಾಕೆ ಎಂದು. ಅವ್ವ ಕೌದಿಯ ಮೇಲೆ ಕೂತಳು. ಅದರ ಹೊಲಿಗೆಯ ಮೇಲೆ ಬೆರಳಾಡಿಸಿದಳು.

“ನೀ ಹೊಟ್ಟ್ಯಾಗಿದ್ದಾಗ ಸುಗ್ಗಿ ಇತ್ತು” ಎಂದಳು. “ಉಂಡ ಕೈ ಒಣಗೂದರಾಗ ಎದ್ದು ಭಾಂಡಿ ತಿಕ್ಕತಿದ್ದೆ, ಜ್ವಾಳಾ ಹಸನ ಮಾಡತಿದ್ದೆ. ಒಂದು ದಿನ ಬೆನ್ನು ನೆಲಕ್ಕ ಹಚ್ಚೀದ್ನಿ, ನಿಮ್ಮ ಅಮ್ಮ, ಅಂದ್ರ ನಮ್ಮ ಅತ್ತಿ, ಬಂದು ಬಾಗಲದಾಗ ನಿಂತು ಕೆಮ್ಮಿದ್ಲು. ಅಷ್ಟ. ಬೈಲಿಲ್ಲ. ನಾ ಎದ್ದೆ. ಅವತ್ತ ಅಂದ್ಕೊಂಡಿದ್ನಿ, ನನಗ ಮಗಳು ಹುಟ್ಟಿದ್ರ ಅಕಿ ಉಂಡ ಕೂಡಲೇ ನಾ ಹಾಸಿಗಿ ಹಾಸತೀನಿ ಅಂತ.” ಆಮೇಲೆ ನಕ್ಕಳು. “ಹಾಸಿದ್ದಽ ತಪ್ಪಾತು ನೋಡು.”

“ನಿನಗ ಎದಿ ಉರೀತಿತ್ತೇನಬೇ?” ಎಂದೆ.

“ಎಲ್ಲಿ ಉರಿಬೇಕು? ಮಲಗಿದ್ರಲ್ಲ ಉರಿಯೂದು!”

ಇಬ್ಬರೂ ನಕ್ಕೆವು. ಅವಳ ಕಣ್ಣು ತೇವವಾಗಿದ್ದವೋ ಏನೋ, ನಾನು ನೋಡಲಿಲ್ಲ. ಕೌದಿಯನ್ನು ಮಡಿಸಿ ಗೋಡೆಗೆ ಒತ್ತಿಟ್ಟು ನನ್ನ ಬೆನ್ನಿಗೆ ಆಸರೆ ಮಾಡಿದಳು, ಕಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು. ಕುಳಿತವಳ ಕಾಲನ್ನೂ ಒತ್ತಬಹುದು ಎಂಬುದು ಆಗ ನಮಗಿಬ್ಬರಿಗೂ ತಿಳಿಯಿತು. ಅಂದಿನಿಂದ ಹೆರಿಗೆಯವರೆಗೆ ಪ್ರತಿ ಊಟದ ನಂತರ ಅವ್ವನ ಕಥೆ. ಅವಳಿಗೆ ಇಷ್ಟು ಕಥೆಗಳಿವೆ ಎಂದು ನನಗೆ ಗೊತ್ತಿರಲಿಲ್ಲ. ಅವಳಿಗೂ ಗೊತ್ತಿರಲಿಲ್ಲ.

ಮುಂದಿನ ತಪಾಸಣೆಯಲ್ಲಿ ತೂಕ ಏರಿತು, ರಕ್ತವೂ ಏರಿತು. ಡಾಕ್ಟರ್ ಬಾಯಿಯವರು “ಚಲೋ ಆತು, ಗದಗಕ್ಕ ಹೋಗೂದು ತಪ್ಪಿತು” ಎಂದರು. ಅವ್ವ ಅಲ್ಲೇ, ದವಾಖಾನೆಯ ಬಾಗಿಲಲ್ಲಿ, ಗುರುತಿಲ್ಲದ ಹೆಂಗಸೊಬ್ಬಳಿಗೆ ತನ್ನ ಚೀಲದಿಂದ ಉಂಡಿ ತೆಗೆದು ಕೊಟ್ಟಳು. ಗಜೇಂದ್ರಗಡದಲ್ಲೇ ಸುಖವಾಗಿ ಹೆರಿಗೆಯಾಯಿತು. ತುಂಬು ತೂಕದ ಹೆಣ್ಣುಮಗು. ತಲೆ ಮಾತ್ರ ನಿಂಬೆಹಣ್ಣಿನಷ್ಟು ನುಣುಪು, ಕೂದಲ ಸುಳಿವಿಲ್ಲ. ಓಣಿಯ ಹೆಂಗಸರು ನನ್ನನ್ನು ಮೋಸಗಾರಳಂತೆ ನೋಡಿದರು.

ಈಗ ಇವತ್ತಿಗೆ ಬರೋಣ. ಬರಲಿರುವ ಕೂಸು ನನ್ನ ನಾದಿನಿಯದು. ಸುಮಾ ಮೊನ್ನೆಯಷ್ಟೇ ಹೆರಿಗೆಗೆಂದು ಕೊಣ್ಣೂರಿಗೆ, ತನ್ನ ತವರಿಗೆ, ಅಂದರೆ ನನ್ನ ಗಂಡನ ಮನೆಗೆ ಬಂದಿದ್ದಾಳೆ. ಈ ಸಂಜೆ ಊಟವಾಗುತ್ತಿದ್ದಂತೆ ಅತ್ತೆ ಪಡಸಾಲೆಯಲ್ಲಿ ಹಾಸಿಗೆ ಹಾಸಿದರು. “ಅಡ್ಡಾಗವ್ವಾ, ದಣದಿ.” ಸುಮಾ ಮಲಗಿದಳು, ಸ್ವಲ್ಪ ಹೊತ್ತಿಗೆ ಎದೆ ತಿಕ್ಕಿಕೊಳ್ಳತೊಡಗಿದಳು. ಅತ್ತೆ ಅಜವಾನ ಹುರಿಯಲು ಎದ್ದರು.

“ಅತ್ತಿ, ಅಕಿನ್ನ ಎಬ್ಬಿಸಿ ಕುಂದರಸ್ರಿ” ಎಂದೆ. ಇಷ್ಟು ವರ್ಷ ಬಚ್ಚಿಟ್ಟದ್ದನ್ನು ಆಮೇಲೆ ಹೇಳಲೇಬೇಕಾಯಿತು, ಲಕ್ಕಲಕಟ್ಟಿಯಲ್ಲಿ ಉರಿ ನಿಂತದ್ದು ಹೇಗೆ ಎಂಬುದನ್ನು.

ಅತ್ತೆ ಅಜವಾನ ಹುರಿಯುತ್ತಿದ್ದ ಸೌಟು ಹಿಡಿದೇ ನಿಂತರು. “ಅಂದ್ರ, ನನ್ನ ಮಾತು ಕೇಳಾಕ ಕುಂತಿರಲಿಲ್ಲ ನೀ?”

“ಮೊದಲ ಎರಡು ದಿನ ಇಲ್ರಿ.”

“ಮೂರನೇ ದಿನ?”

“ಮೂರನೇ ದಿನದಿಂದ ಕೇಳಾಕ ಕುಂತೀನ್ರಿ. ಇನ್ನೂ ಕೇಳಾಕತ್ತೀನಿ.”

ಅವರು ಒಂದು ಕ್ಷಣ ನನ್ನನ್ನೇ ನೋಡಿದರು, ನಂಬಬೇಕೋ ಬೇಡವೋ ಎಂಬಂತೆ. ಹಾಸಿಗೆಯಿಂದ ಸುಮಾ ನಕ್ಕಳು. “ನಾ ಏಳಂಗಿಲ್ಲ ವೈನಿ. ಇದು ನನ್ನ ತವರುಮನಿ. ನನ್ನ ಅತ್ತಿ ಎಲ್ಲಿದ್ದಾಳ ಇಲ್ಲಿ, ಅಂಜಿ ಕುಂದ್ರಾಕ?”

ಅತ್ತೆ ಒಲೆ ಆರಿಸಿದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಮುಖ ಬಿಗಿದುಕೊಂಡು, ಪರವೂರಿನಿಂದ ಬಂದವರಂತೆ ಪಡಸಾಲೆಗೆ ನಡೆದರು. ಮಗಳ ಹಾಸಿಗೆಯ ಎದುರು ಗೋಡೆಗೆ ಬೆನ್ನು ಹಚ್ಚಿ ಕುಳಿತರು.

“ಏನಬೇ, ಅತ್ತಿ ಬಂದು ಕುಂತೀನಿ, ಕಾಲು ಚಾಚಿ ಮಲಗೀದಿ? ಇದನ್ನ ಕಲಿಸ್ಯಾಳೇನು ನಿಮ್ಮವ್ವ?”

ಸುಮಾ ನಗುತ್ತ ನಗುತ್ತ, ಹೊಟ್ಟೆ ಹಿಡಿದುಕೊಂಡು ಎದ್ದು ಕುಳಿತಳು. ಅತ್ತೆ ನಗಲಿಲ್ಲ. ಉರಿ ಇಳಿಯುವವರೆಗೂ ಮಗಳಿಗೆ ಅತ್ತೆಯಾಗಿಯೇ ಕುಳಿತಿದ್ದರು.